ಖಾಲಿ ಕಲ್ಲಿನ ಇನ್ನೂರ ಹದಿನಾಲ್ಕು ಫೋಟೊಗಳು

ನಮ್ಮ ಬೀದಿಯ ಫೋಟೊ ಅಂಗಡಿಯ ಕಿಟಕಿಯಲ್ಲೊಂದು ದೊಡ್ಡ ಟೀವಿ ಇದೆ. ನಗುವ ಮದುಮಕ್ಕಳೂ ಅಳುವ ಕೂಸುಗಳೂ ಅದರಲ್ಲಿ ಸರದಿಯ ಮೇಲೆ ಬಂದು ಹೋಗುತ್ತಿರುತ್ತಾರೆ. ಆ ಮಂಗಳವಾರ ಬೆಳಿಗ್ಗೆ ಅದರಲ್ಲಿ ಕಾಣಿಸಿಕೊಂಡವರು ನಮ್ಮ ಕಟ್ಟಡದ ಮೂರನೇ ಮಹಡಿಯ ಬಾಗಿಲಣ್ಣ. ನಾಲ್ಕು ಕಾಲಿನ ಮೇಲೆ ನಿಂತಿದ್ದರು. ರೇನ್‌ಕೋಟಿನ ಹೊರಗೆ, ಹೊಟ್ಟೆಯ ಕೆಳಗೆ, ಕೆಂಪು ರಬ್ಬರಿನ ಬಿಸಿನೀರಿನ ಚೀಲವೊಂದು ಹಗ್ಗದಲ್ಲಿ ತೂಗುತ್ತಿತ್ತು. ಪಕ್ಕದಲ್ಲಿ, ಅವರೂ ನಾಲ್ಕು ಕಾಲಿನ ಮೇಲೆಯೇ, ನಿವೃತ್ತ ಹೆಡ್ ಮಿಸ್. ಕನ್ನಡಕ ಮೂಗಿನ ತುದಿಯಲ್ಲಿ, ಮೂಗು ಹುಲ್ಲಿನ ತುದಿಯಲ್ಲಿ. ಅವರಿಬ್ಬರ ಹಿಂದೆ ಹೆಡ್ ಮಿಸ್ಸಿನ ನಾಯಿ. ಮೂವರಲ್ಲಿ ಘನತೆಯಿಂದ ಕುಳಿತಿದ್ದದ್ದು ಅದೊಂದೇ.

ಅಂಗಡಿಯವನು ಬಾಗಿಲಣ್ಣ ಕೊಟ್ಟ ಕಾರ್ಡಿನ ಚಿತ್ರಗಳನ್ನು ಕೈತಪ್ಪಿ ಟೀವಿಯ ಫೋಲ್ಡರಿಗೆ ಹಾಕಿಬಿಟ್ಟಿದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ಯಾರೋ ಹೋಗಿ ಹೇಳುವವರೆಗೆ ಅವರು ಮದುಮಕ್ಕಳ ನಡುವೆ ಹನ್ನೊಂದು ಸಲ ಬಂದು ಹೋದರು. ಮೂವತ್ತನಾಲ್ಕು ವರ್ಷ ಊರಿನ ಬಾಗಿಲುಗಳನ್ನೆಲ್ಲ ನೋಡಿಕೊಂಡ ಮನುಷ್ಯ ಹೀಗೆ ಬಾಗಿದ್ದನ್ನು ಊರು ಅದೇ ಮೊದಲು ನೋಡಿದ್ದು.

ಬಾಗಿಲಣ್ಣ ತಾನಾಗಿ ತೆರೆಯುವ ಬಾಗಿಲುಗಳ ಮೆಕ್ಯಾನಿಕ್. ಆಸ್ಪತ್ರೆ, ಬ್ಯಾಂಕು, ದೊಡ್ಡ ಅಂಗಡಿಗಳಲ್ಲಿ ನೀವು ಹತ್ತಿರ ಹೋಗುತ್ತಲೇ ಗಾಜಿನ ಬಾಗಿಲು ಸುಯ್ಯೆಂದು ಸರಿದು ದಾರಿ ಬಿಡುತ್ತದಲ್ಲ, ಅದರ ಮೇಲಿರುವ ಕಪ್ಪು ಪೆಟ್ಟಿಗೆಯ ವೈದ್ಯರು ಇವರು. ನಾನು ಓದಿದ ಕಾನ್ವೆಂಟಿನಲ್ಲಿ ಬಾಗಿಲೆಂದರೆ ಮೊದಲು ತಟ್ಟಬೇಕು, ಆಮೇಲೆ ಅಪ್ಪಣೆ ಕೇಳಬೇಕು, ಆಮೇಲೆ ಒಳಗೆ ಹೋಗಿ ಬಂದದ್ದು ಯಾಕೆಂದು ಮರೆತು ನಿಲ್ಲಬೇಕು. ಬಾಗಿಲಣ್ಣನ ಶಾಲೆಯ ಶಿಸ್ತೇ ಬೇರೆ.

"ಬಂದವರು ಬಾಗಿಲ ಮುಂದೆ ಒಂದು ಕ್ಷಣ ನಿಂತ್ರೂ ನನಗೆ ಅವಮಾನ ಮೇಡಂ," ಎನ್ನುತ್ತಿದ್ದರು. "ಎರಡು ಹೆಜ್ಜೆ ದೂರ ಇರೋವಾಗ್ಲೇ ತೆಗೆದಿರ್ಬೇಕು. ಬರ್ತಿದ್ದಾರೆ ಅಂತ ಬಾಗಿಲಿಗೆ ಮೊದಲೇ ಗೊತ್ತಿರ್ಬೇಕು."

ಇಂಥವರ ಸ್ವಂತ ಮನೆಯ ಬಾಗಿಲು ಮಾತ್ರ ಭುಜ ಕೊಟ್ಟು ನೂಕಿದರಷ್ಟೇ ತೆರೆಯುತ್ತದೆ. ಅದು ಅವರದಲ್ಲ, ಅಕ್ಕನ ಮನೆ. ಹೆಂಡತಿ ತೀರಿಕೊಂಡ ಮೇಲೆ ಎರಡು ಸೂಟ್‌ಕೇಸು, ಒಂದು ಹತಾರದ ಪೆಟ್ಟಿಗೆ ಹಿಡಿದುಕೊಂಡು ಅಲ್ಲಿಗೆ ಬಂದವರು ಅಲ್ಲೇ ಉಳಿದರು. ಬಾಗಿಲು ಸರಿಮಾಡುತ್ತೇನೆಂದರೆ ಅಕ್ಕ ಬೇಡವೆಂದರಂತೆ. ಭುಜ ಬಡಿದ ಸದ್ದಿನಿಂದಲೇ ಬಂದವರು ಯಾರೆಂದು ಅವರಿಗೆ ತಿಳಿಯುತ್ತದೆ. ಬಾಗಿಲಣ್ಣನ ಇನ್ನೊಂದು ವಿಶೇಷ ಅವರ ಪಾದರಕ್ಷೆ. ಅವರು ಲೇಸಿರುವ ಶೂ ಹಾಕಿದ್ದನ್ನು ಕಂಡವರಿಲ್ಲ. ಮದುವೆಯ ದಿನವೂ ಕಾಲು ತೂರಿಸುವ ಶೂವೇ. ಕೇಳಿದರೆ, "ಲೇಸಿಲ್ಲದ್ದೇ ಲೇಸು" ಎಂದು ಹಾಸ್ಯ ಬರೆಯುವ ನನ್ನ ಕಸುಬಿಗೆ ಕೈಹಾಕುತ್ತಿದ್ದರು.

ಅಕ್ಕನಿಗೆ ಅರವತ್ತೇಳು, ತಮ್ಮನಿಗಿಂತ ಮೂರು ವರ್ಷಕ್ಕೆ ಹಿರಿಯರು. ಮುದ್ರಣಾಲಯವೊಂದರಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವರು. ಎಡಗಡೆ ಮೂಲ, ಬಲಗಡೆ ಕರಡು, ನಡುವೆ ಅವರ ಮೂಗು. ಕೆಲಸ ಬಿಟ್ಟ ಮೇಲೂ ಕೆಂಪು ಪೆನ್ನು ಕೈಬಿಡಲಿಲ್ಲ. ಅವರ ಮನೆಯಲ್ಲಿ ಔಷಧಿ ಬಾಟಲಿಯ ಚೀಟಿಯಲ್ಲೂ ಒತ್ತಕ್ಷರ ಸರಿಯಾಗಿರುತ್ತದೆ. ನಾನು ಪತ್ರಿಕೆಗೆ ಬರೆಯುವ ಹಾಸ್ಯವನ್ನು ಓದಿ ಅವರು ನಕ್ಕದ್ದಿಲ್ಲ. "ಮೂರನೇ ಪ್ಯಾರಾದಲ್ಲಿ ಎರಡು ತಪ್ಪು" ಎಂದು ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳುತ್ತಿದ್ದರು. ಅದೇ ಮೆಟ್ಟಿಲ ಮೇಲೆ ಒಂದು ದಿನ ಜಾರಿ ಎಡಗಾಲು ಮುರಿದುಕೊಂಡರು. ಆರು ವಾರ ಪ್ಲಾಸ್ಟರು. ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದದ್ದಾಯಿತು.

ಆ ಕಿಟಕಿಯಿಂದ ಬಸ್ ಡಿಪೋದ ತಗಡಿನ ಚಾವಣಿ, ಅದರಾಚೆ ಹಳ್ಳ, ಹಳ್ಳದ ಮೇಲಿನ ಕಾಲುಸೇತುವೆ ಕಾಣುತ್ತವೆ. ಅಕ್ಕನ ಕಥೆ ಆ ಹಳ್ಳದ್ದೇ.

ಒಂಬತ್ತು ವರ್ಷದವರಿದ್ದಾಗ ಅಕ್ಕ ಶಾಲೆ ಬಿಟ್ಟು ತಮ್ಮನ ಜೊತೆ ಹಳ್ಳದ ದಾರಿಯಲ್ಲಿ ಬರುತ್ತಿದ್ದರು. ಸೇತುವೆಯ ಕೆಳಗಿನ ಚಪ್ಪಟೆ ಕಲ್ಲಿನ ಮೇಲೆ ಮೂರು ನೀರುನಾಯಿಗಳು. ಒಂದು ಏಡಿ ತಿನ್ನುತ್ತಿತ್ತು, ಎರಡು ಅದನ್ನು ಕಿತ್ತುಕೊಳ್ಳಲು ನೋಡುತ್ತಿದ್ದವು. ಹುಡುಗಿ ಮಂಡಿಯವರೆಗೆ ನೀರಿಗಿಳಿದೇ ಬಿಟ್ಟಳು. ಅವು ಮಾಯ. ಒದ್ದೆ ಬಟ್ಟೆಯಲ್ಲಿ, ತಡವಾಗಿ ಮನೆ ಸೇರಿ ವಿಷಯ ಹೇಳಿದಾಗ ಅಪ್ಪ ನಂಬಲಿಲ್ಲ. ಈ ಹಳ್ಳದಲ್ಲಿ ಎಲ್ಲಿಯ ನೀರುನಾಯಿ, ಬೀದಿನಾಯಿ ಈಜಿರಬೇಕು ಎಂದರು. ಆಮೇಲೆ ಆರು ವರ್ಷದ ಮಗನ ಕಡೆ ತಿರುಗಿ, "ನೀನು ನೋಡಿದೆಯಾ?" ಎಂದು ಕೇಳಿದರು.

"ಇಲ್ಲ" ಎಂದ ಮಗ.

ಅಷ್ಟೇ. ಹುಡುಗಿ 'ನಾನು ಸುಳ್ಳು ಹೇಳುವುದಿಲ್ಲ' ಎಂದು ನೂರು ಸಲ ಬರೆಯಬೇಕಾಯಿತು. ಬರೆದು, ತಪ್ಪಿರಬಾರದೆಂದು ತಾನೇ ಮತ್ತೊಮ್ಮೆ ಓದಿದಳು. ಅರವತ್ತೇಳನೇ ಸಾಲಿನಲ್ಲಿ ಒಂದು ಒತ್ತು ಬಿಟ್ಟುಹೋಗಿತ್ತು. ಅಕ್ಕ ತಿದ್ದಿದ ಮೊದಲ ಕರಡು ಅದು.

ಈ ಐವತ್ತೆಂಟು ವರ್ಷಗಳಲ್ಲಿ ತಮ್ಮ ಹಾಲು ಉಕ್ಕಿಸಿದರೂ, ಕೊಡೆ ಕಳೆದರೂ, ಕರೆಂಟ್ ಬಿಲ್ಲು ಮರೆತರೂ ಅಕ್ಕನ ಬಾಯಲ್ಲಿ ಒಂದೇ ಮಾತು: "ನೀನು ಅವತ್ತು ಇಲ್ಲ ಅಂದವನಲ್ವೇನೋ." ಆ ಮಾತು ಬಂದಾಗ ಬಾಗಿಲಣ್ಣ ಎದುರು ಆಡುತ್ತಿರಲಿಲ್ಲ. ತಲೆ ತಗ್ಗಿಸಿ ಶೂ ನೋಡಿಕೊಳ್ಳುತ್ತಿದ್ದರು. ಪಾಪ, ಇನ್ನೂ ಚುಚ್ಚುತ್ತಿದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಅಕ್ಕನ ಕಾಲಿಗೆ ಪ್ಲಾಸ್ಟರು ಬಿದ್ದ ವಾರವೇ ನಗರಸಭೆ ಕಾಲುಸೇತುವೆಯ ಬಳಿ ಫಲಕ ಹಾಕಲು ಹೊರಟಿತು. ಹಳ್ಳದಲ್ಲಿ ವಾಸಿಸುವ ಹಕ್ಕಿಪಕ್ಕಿ, ಪ್ರಾಣಿಗಳ ಪಟ್ಟಿ. ತಿಳಿದವರು ಬರೆಯಿರಿ ಎಂದು ಕೇಳಿದ್ದರು. ಅಕ್ಕ ಮಲಗಿದಲ್ಲಿಂದಲೇ ಬರೆದರು. ಉತ್ತರ ಬಂತು: ಪುರಾವೆಯಿಲ್ಲದ ಪ್ರಾಣಿಯನ್ನು ಸೇರಿಸಲಾಗದು, ತಾವು ನಾಯಿಯನ್ನು ಕಂಡು ತಪ್ಪು ತಿಳಿದಿರಬಹುದು, ಚಿತ್ರವಿದ್ದರೆ ತಿಂಗಳ ಕೊನೆಯೊಳಗೆ ಕಳುಹಿಸಿ.

ಮರುದಿನ ನಾನು ನೋಡಲು ಹೋದಾಗ ಆ ಕಾಗದ ದಿಂಬಿನ ಕೆಳಗಿತ್ತು. ಅದರಲ್ಲಿ ನಾಲ್ಕು ಕಾಗುಣಿತದ ತಪ್ಪುಗಳಿದ್ದವು, ಅಕ್ಕ ಒಂದನ್ನೂ ತಿದ್ದಿರಲಿಲ್ಲ. ದಿನಪತ್ರಿಕೆ ಮಡಿಕೆ ಬಿಚ್ಚದೆ ಬಿದ್ದಿತ್ತು. ಮುಖ ಗೋಡೆಯ ಕಡೆಗಿತ್ತು, ಕಿಟಕಿಯ ಕಡೆಗಲ್ಲ.

ಬಾಗಿಲಣ್ಣ ನನ್ನನ್ನು ಮೆಟ್ಟಿಲವರೆಗೆ ಬಿಡಲು ಬಂದರು. "ಮೇಡಂ, ಕೆಂಪು ಪೆನ್ನಿನ ಮುಚ್ಚಳ ನಿನ್ನೆಯಿಂದ ತೆಗೆದಿಲ್ಲ ಅವಳು," ಎಂದರು ಮೆಲ್ಲಗೆ. ಜ್ವರದ ಸಮಾಚಾರ ಹೇಳುವ ದನಿ.

ಆ ಮಧ್ಯಾಹ್ನ ಅವರು ಮುಚ್ಚಿಹೋದ ಬಟ್ಟೆ ಅಂಗಡಿಯೊಂದರ ಗುಜರಿಯಿಂದ ಬಾಗಿಲ ಸೆನ್ಸರನ್ನು ಬಿಚ್ಚಿ ತಂದರು. ಅದಕ್ಕೆ ಹಳೆಯದೊಂದು ಕ್ಯಾಮೆರಾ, ಎರಡು ವೈರು, ಒಂದು ಬಿಸ್ಕತ್ತಿನ ಡಬ್ಬಿ. ಬಿಸಿಯಿರುವ ಏನಾದರೂ ಎದುರಿಗೆ ಅಲ್ಲಾಡಿದರೆ ಸೆನ್ಸರಿಗೆ ತಿಳಿಯುತ್ತದೆ. ಅದು ಬಾಗಿಲು ತೆರೆಯುವ ಬದಲು ಕ್ಯಾಮೆರಾದ ಗುಂಡಿ ಒತ್ತುತ್ತದೆ. ಮನುಷ್ಯ ಅಲ್ಲಿರಬೇಕಾಗಿಲ್ಲ. ಮರುದಿನ ಬೆಳಿಗ್ಗೆ ಡಬ್ಬಿಯನ್ನು ಸೇತುವೆಯ ಕೆಳಗೆ, ಅದೇ ಚಪ್ಪಟೆ ಕಲ್ಲಿಗೆ ಎದುರಾಗಿ, ಬೇರಿಗೆ ಕಟ್ಟಿದರು.

ಕಟ್ಟಿದ ಮೇಲೆ ಪರೀಕ್ಷೆ ಆಗಬೇಕಲ್ಲ. ಪ್ರಾಣಿಯ ಎತ್ತರದಲ್ಲಿ ಅಂಬೆಗಾಲಿಟ್ಟು ಹೋದರು. ದಪ್ಪ ರೇನ್‌ಕೋಟಿನ ಒಳಗಿನ ಬಿಸಿ ಸೆನ್ಸರಿಗೆ ಕಾಣಲಿಲ್ಲ. ಮನೆಗೆ ಹೋಗಿ ಅಕ್ಕನ ಬಿಸಿನೀರಿನ ಚೀಲ ತುಂಬಿ ತಂದು ಹೊಟ್ಟೆಗೆ ಕಟ್ಟಿಕೊಂಡು ಮತ್ತೆ ಹೊರಟರು. ಆಗ ಬಂದರು ಹೆಡ್ ಮಿಸ್, ನಾಯಿಯ ಜೊತೆ ಬೆಳಗಿನ ವಾಕಿಂಗಿಗೆ.

"ಏನ್ ಹುಡುಕ್ತಿದೀರಿ?"

ನಿಜ ಹೇಳಿದರೆ ಊರೆಲ್ಲ ಹಳ್ಳಕ್ಕೆ ನುಗ್ಗುತ್ತದೆ, ಇರುವ ಪ್ರಾಣಿಯೂ ಓಡುತ್ತದೆ. "ಹಲ್ಲಿನ ಸೆಟ್ಟು ಬಿದ್ದುಹೋಯ್ತು ಮಿಸ್," ಎಂದರು ಬಾಗಿಲಣ್ಣ, ಮೂವತ್ತೆರಡೂ ಹಲ್ಲು ಕಾಣುವಂತೆ.

ಹೆಡ್ ಮಿಸ್ ಕರುಣಾಳು. ಕನ್ನಡಕ ಸರಿಮಾಡಿಕೊಂಡು, "ಮೇಲಿಂದೋ ಕೆಳಗಿಂದೋ?" ಎಂದು ಕೇಳಿ, ತಾವೂ ಮಂಡಿಯೂರಿದರು. ಕ್ಲಿಕ್. ಮುಂದಿನದು ಟೀವಿಯಲ್ಲಿ ಬಂತು.

ಪ್ರಯೋಗ ಗೆದ್ದಿತು. ಬ್ಯಾಟರಿ ಬೇಗ ಮುಗಿಯದಿರಲೆಂದು, ಒಂದು ಚಿತ್ರ ತೆಗೆದ ಮೇಲೆ ಕ್ಯಾಮೆರಾ ಹತ್ತು ನಿಮಿಷ ಸುಮ್ಮನಿರುವಂತೆ ಮಾಡಿ ಬಾಗಿಲಣ್ಣ ಮನೆಗೆ ಬಂದರು. ಫೋಟೊ ಅಂಗಡಿಯ ಸಹವಾಸ ಸಾಕೆಂದು, ಮುಂದಿನ ಕಾರ್ಡುಗಳನ್ನು ನನ್ನ ಲ್ಯಾಪ್‌ಟಾಪಿನಲ್ಲೇ ನೋಡುವುದೆಂದಾಯಿತು. ಅಕ್ಕನ ಮಂಚದ ಮೇಲೆ ಅದನ್ನಿಟ್ಟು ಮೂವರೂ ಬಾಗಿ ಕೂತೆವು. ಬಂದದ್ದು ಕಲ್ಲು. ಬೆಳಗಿನ ಕಲ್ಲು, ಸಂಜೆಯ ಕಲ್ಲು, ಮಂಜಿನ ಕಲ್ಲು, ಬಿಸಿಲಿನ ಕಲ್ಲು. ಒಂದೆರಡು ಕಡೆ ಬಾಲ ಕುಣಿಸುವ ಪುಟ್ಟ ಹಕ್ಕಿ. ಒಂದು ವಾರ, ಎರಡು ವಾರ. ಕಾರ್ಡಿನ ತುಂಬ ಕಾಡು, ಕಾಡಿದ್ದು ಮಾತ್ರ ಇಲ್ಲ.

"ಇನ್ನೂರ ಹದಿನಾಲ್ಕು," ಎಂದೆ ನಾನು ಮೂರನೇ ವಾರದ ಕೊನೆಗೆ. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು.

"ನಿನ್ನ ಸೆನ್ಸರಿಗೆ ಸೆನ್ಸ್ ಇಲ್ಲ ಕಣೋ," ಎಂದರು ಅಕ್ಕ. ಬೈಗುಳದಲ್ಲಿ ಹಳೆಯ ಖಾರವಿರಲಿಲ್ಲ. "ಬಿಟ್ಟುಬಿಡು. ಬೆಳಿಗ್ಗೆ ಬೆಳಿಗ್ಗೆ ಆ ಥಂಡಿ ನೀರಿಗೆ ಇಳೀತೀಯ. ಇಬ್ಬರೂ ಮಲಗಿದ್ರೆ ಅನ್ನ ಮಾಡೋರು ಯಾರು? ನಾನೇ ಏನೋ ನೋಡಿ ಏನೋ ಅಂದ್ಕೊಂಡಿರ್ಬೇಕು. ಒಂಬತ್ತು ವರ್ಷದ ಹುಡುಗಿ."

ಬಾಗಿಲಣ್ಣನ ಮುಖ ನಾನು ನೋಡಿದೆ. ಐವತ್ತೆಂಟು ವರ್ಷ ಬೈಸಿಕೊಂಡಾಗ ಆಗದ ನೋವು ಈಗ ಆಗಿತ್ತು.

"ಅಕ್ಕ, ನೀನು ಹಾಗನ್ಬೇಡ."

"ಮತ್ತೇನನ್ಲಿ?"

"ಬೈ. ಅದಾದ್ರೂ ಮಾಡು."

ಅಕ್ಕ ಬೈಯಲಿಲ್ಲ, ಪರದೆಯನ್ನೇ ನೋಡುತ್ತಿದ್ದರು. ಕೆಲಸ ಹಳ್ಳ ಹಿಡಿದಂತೆಯೇ ಎಂದುಕೊಂಡು ನಾನು ಲ್ಯಾಪ್‌ಟಾಪು ಮುಚ್ಚಲು ಕೈಚಾಚಿದೆ.

"ತಡೀರಿ," ಎಂದರು ಅಕ್ಕ. "ಹಿಂದಿನದು ಹಾಕಿ."

ಹಾಕಿದೆ.

"ಮುಂದಿನದು. ಮತ್ತೆ ಹಿಂದಿನದು. ಮತ್ತೆ ಮುಂದಿನದು."

ಎಡಗಡೆ ಮೂಲ, ಬಲಗಡೆ ಕರಡು. ಅವರ ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋಯಿತು. ಕೈ ತಾನಾಗಿ ದಿಂಬಿನ ಪಕ್ಕ ತಡಕಿ ಕೆಂಪು ಪೆನ್ನು ಹುಡುಕಿತು. ಮುಚ್ಚಳ ತೆಗೆದ ಟಪ್ ಸದ್ದಿಗೆ ಬಾಗಿಲಣ್ಣ ತಲೆಯೆತ್ತಿದರು.

"ಇದರಲ್ಲಿ ಕಲ್ಲು ಒಣಗಿದೆ. ಹತ್ತು ನಿಮಿಷ ಆದ್ಮೇಲೆ ಹಕ್ಕಿ ಬಂದಿದೆಯಲ್ಲ, ಇದರಲ್ಲಿ ಕಲ್ಲು ಒದ್ದೆ."

"ಇಬ್ಬನಿ ಇರ್ಬೇಕು," ಎಂದರು ತಮ್ಮ.

"ಇಬ್ಬನಿ ಕಲ್ಲಿನ ನಡುವಿಗೆ ಮಾತ್ರ ಬೀಳುತ್ತಾ? ಪಕ್ಕದ ಕಲ್ಲು ನೋಡು, ಹಪ್ಪಳದ ಹಾಗೆ ಒಣಗಿದೆ. ಇಲ್ಲೇನಿದು, ಅಂಚಿನಲ್ಲಿ?" ಪೆನ್ನಿನ ತುದಿ ಪರದೆಯ ಮೇಲೆ ನಿಂತಿತು. "ಹಿಂದಿನದರಲ್ಲಿ ಇಲ್ಲ. ಇದರಲ್ಲಿದೆ. ಏಡಿಕಾಲು ಕಣೋ ಅದು."

ಆಮೇಲೆ ಒಂದು ಗಂಟೆ ನಾನು ಗುಂಡಿ ಒತ್ತುವ ಗುಮಾಸ್ತೆಯಾದೆ. ಅಂಥ ಜೋಡಿಗಳು ಏಳು ಸಿಕ್ಕವು. ಒಣ ಕಲ್ಲು, ಒದ್ದೆ ಕಲ್ಲು. ಒಣ ಕಲ್ಲು, ಒದ್ದೆ ಕಲ್ಲು. ಅದು ಬರುತ್ತಿತ್ತು. ಚಿತ್ರ ತೆಗೆದಾದ ಮೇಲೆ ಬರುತ್ತಿತ್ತು.

"ನಿನ್ನ ಡಬ್ಬಿ ಯಾವ ಕಡೆ ನೋಡ್ತಿದೆ?" ಎಂದು ಕೇಳಿದರು ಅಕ್ಕ.

"ಕ್ಯಾಮೆರಾ ಕಲ್ಲನ್ನ ನೋಡುತ್ತೆ. ಪರೀಕ್ಷೆ ಆದ್ಮೇಲೆ ಸೆನ್ಸರನ್ನ ದಡದ ಕಡೆ ತಿರುಗಿಸ್ದೆ, ಎರಡು ಮಾರು ಮುಂದೆ."

"ಯಾಕೆ ಮುಂದೆ?"

"ಬರೋದು ಮೊದಲೇ ಗೊತ್ತಾಗ್ಬೇಕಲ್ಲಕ್ಕ," ಎಂದರು ಬಾಗಿಲಣ್ಣ. ಎಂದವರೇ ಬಾಯಿ ತೆರೆದುಕೊಂಡು ಕೂತರು.

ಮೂವತ್ತನಾಲ್ಕು ವರ್ಷದ ಅಭ್ಯಾಸ. ಅತಿಥಿ ಎರಡು ಹೆಜ್ಜೆ ದೂರವಿರುವಾಗಲೇ ಬಾಗಿಲು ತೆರೆದಿರಬೇಕು. ನೀರುನಾಯಿ ದಡದಲ್ಲಿ ಅಲ್ಲಾಡುತ್ತಲೇ ಸೆನ್ಸರು ಮರ್ಯಾದೆಯಿಂದ ಖಾಲಿ ಕಲ್ಲಿನ ಚಿತ್ರ ತೆಗೆದು, ದಯಮಾಡಿಸಿ ಎಂದು ಹೇಳಿ, ಹತ್ತು ನಿಮಿಷ ಮಲಗಿಬಿಡುತ್ತಿತ್ತು. ಅದು ಬಂದು, ಏಡಿ ತಿಂದು, ಮೈ ಒದರಿ, ಹೋಗುತ್ತಿತ್ತು. ಬೇರೆ ಯಾರೇ ಈ ಡಬ್ಬಿ ಕಟ್ಟಿದ್ದರೂ ಮೊದಲ ವಾರವೇ ಚಿತ್ರ ಸಿಕ್ಕಿರುತ್ತಿತ್ತು. ಒಳ್ಳೆಯ ಬಾಗಿಲಿನವನೇ ಆಗಬೇಕಿತ್ತು, ಹೀಗೆ ತಪ್ಪಲು.

"ಅಲ್ವೋ," ಎಂದರು ಅಕ್ಕ, "ಜನ ಬಾಗಿಲ ನಡುವೆ ನಿಂತು ಹರಟೆ ಹೊಡೀತಾರಲ್ಲ, ಅವರ ಮೇಲೆ ಅದು ಮುಚ್ಚಿಕೊಳ್ಳಲ್ಲ. ಅದು ಹೇಗೆ ಗೊತ್ತಾಗುತ್ತೆ?"

"ಅದಕ್ಕೆ ಬೇರೆ ಕಣ್ಣಿದೆ, ಹೊಸ್ತಿಲಲ್ಲಿ. ಈ ಕಡೆಯಿಂದ ಆ ಕಡೆಗೆ ಕಾಣದ ಒಂದು ಬೆಳಕಿನ ಗೆರೆ ಇರುತ್ತೆ. ಅದನ್ನ ಯಾರಾದ್ರೂ ಅಡ್ಡ ಕಡಿದ್ರೆ..."

ವಾಕ್ಯ ಮುಗಿಯಲಿಲ್ಲ. ಬಾಗಿಲಣ್ಣ ಎದ್ದರು, ಹತಾರದ ಪೆಟ್ಟಿಗೆ ಹಿಡಿದರು, ಹೊರಗೋಡಲು ಹೋಗಿ ಅಂಟಿಕೊಂಡ ಬಾಗಿಲಿಗೆ ಹಣೆ ಬಡಿದುಕೊಂಡರು.

"ಎಳೀಬೇಕು," ಎಂದರು ಅಕ್ಕ ಹಾಸಿಗೆಯಿಂದ. "ಒಳಗಿಂದ ಎಳೀಬೇಕು. ಬಾಗಿಲಿನವನಂತೆ."

ಮುಚ್ಚಿದ ಅಂಗಡಿಯ ಹೊಸ್ತಿಲ ಕಣ್ಣೂ ಗುಜರಿಯಿಂದ ಬಂತು. ಕಲ್ಲಿನ ಎರಡು ಬದಿಗೆ ಎರಡು ಗೂಟ, ನಡುವೆ ಕಾಣದ ಗೆರೆ. ಕಲ್ಲು ಹತ್ತದೆ ಅದನ್ನು ಕಡಿಯುವಂತಿಲ್ಲ, ಕಡಿಯದೆ ಚಿತ್ರ ಬೀಳುವಂತಿಲ್ಲ. ಮೊದಲ ದಿನ ಕಪ್ಪೆ. ಎರಡನೇ ದಿನ ಹೆಡ್ ಮಿಸ್ಸಿನ ನಾಯಿ, ಈ ಸಲ ಒಂಟಿಯಾಗಿ. ಮೂರು, ನಾಲ್ಕನೇ ದಿನ ಏನೂ ಇಲ್ಲ. ಬಾಗಿಲಣ್ಣ ಊಟದ ಹೊತ್ತಿಗೆ ಎರಡು ಸಲ ನೀರು ಕುಡಿದು ಎದ್ದರು.

ಐದನೇ ದಿನದ ಕಾರ್ಡನ್ನು ನಾನೇ ಹಾಕಿದೆ. ಮೊದಲ ಚಿತ್ರದ ಗಂಟೆ ಬೆಳಗಿನ ಆರೂಕಾಲು. ಕಲ್ಲಿನ ಮೇಲೆ ಅದು ನಿಂತಿತ್ತು. ಚಪ್ಪಟೆ ತಲೆ, ಬಿಳಿಯ ಗದ್ದ, ಮೀಸೆಯ ಪ್ರತಿ ಕೂದಲಿನ ತುದಿಗೂ ಒಂದು ಹನಿ. ಮುಂಗಾಲಿನ ಕೆಳಗೆ ಏಡಿ. ಅದರ ಹಿಂದೆ ನೀರಿನಿಂದ ಇನ್ನೊಂದು ಪುಟ್ಟ ತಲೆ ಎದ್ದಿತ್ತು, ತನ್ನ ಪಾಲು ಕೇಳಲು.

ಡಿಪೋದಲ್ಲಿ ಬಸ್ಸೊಂದು ಹಿಂದಕ್ಕೆ ಬರುತ್ತಿದ್ದ ಪೀಂ ಪೀಂ ಮಾತ್ರ ಕೇಳುತ್ತಿತ್ತು.

"ಕಾಗದದ ಮೇಲೆ ತಗೊಂಡು ಬಾ," ಎಂದರು ಅಕ್ಕ ಕೊನೆಗೆ.

ಬಾಗಿಲಣ್ಣ ಅದೇ ಫೋಟೊ ಅಂಗಡಿಗೆ ಓಡಿದರು. ಅಂಗಡಿಯವನು ಹಳೆಯ ತಪ್ಪಿಗೆ ದೊಡ್ಡ ಕಾಗದದಲ್ಲಿ ಅಚ್ಚು ಹಾಕಿಕೊಟ್ಟ. ಅಕ್ಕ ಅದನ್ನು ಮಡಿಲಲ್ಲಿಟ್ಟು ಓದಿದರು. ನೋಡಿದರು ಎನ್ನುವುದು ತಪ್ಪು. ಎಡ ಮೂಲೆಯಿಂದ ಬಲ ಮೂಲೆಗೆ, ಸಾಲು ಸಾಲಾಗಿ, ಕೆಳಗಿನ ಅಂಚಿನವರೆಗೆ ಓದಿದರು. ಆಮೇಲೆ ಕೆಂಪು ಪೆನ್ನಿನಿಂದ ಮೂಲೆಯಲ್ಲಿ ಪುಟ್ಟದಾಗಿ ಬರೆದರು, ಮೂವತ್ತೊಂದು ವರ್ಷ ಕೊನೆಯ ಕರಡಿನ ಮೇಲೆ ಬರೆದ ಹಾಗೆ: 'ತಪ್ಪಿಲ್ಲ. ಅಚ್ಚಿಗೆ ಹೋಗಬಹುದು.'

"ಬಾರೋ ಇಲ್ಲಿ," ಎಂದರು ತಮ್ಮನಿಗೆ.

ಅವರು ಮಂಚದ ಅಂಚಿಗೆ ಬಂದು ಕೂತರು.

"ಅವತ್ತು ನಿನಗೆ ಆರು ವರ್ಷ. ಅಪ್ಪ ಕಣ್ಣು ಬಿಟ್ಟರೆ ದೊಡ್ಡವರೇ ನಡುಗ್ತಿದ್ರು. ನೋಡಿದ್ರೂ ಇಲ್ಲ ಅಂದೆ. ಹೆದರಿದ್ದೆ, ಪಾಪ. ನಾನೂ ಇಷ್ಟು ವರ್ಷ ಹಿಡ್ಕೊಂಡು ಜಗ್ಗಿದೆ." ತಮ್ಮನ ತಲೆಯ ಮೇಲೆ ಉಳಿದ ನಾಲ್ಕು ಕೂದಲನ್ನು ಕೈಯಿಂದ ಸರಿಮಾಡಿದರು. "ಬಿಟ್ಟೆ ಕಣೋ. ಇವತ್ತಿಗೆ ಬಿಟ್ಟೆ."

"ಹೂಂ ಅಕ್ಕ," ಎಂದರು ಬಾಗಿಲಣ್ಣ, ಶೂ ನೋಡಿಕೊಳ್ಳುತ್ತ.

ಚಿತ್ರ ತಿಂಗಳ ಕೊನೆಗೆ ಎರಡು ದಿನ ಮುಂಚೆ ನಗರಸಭೆ ತಲುಪಿತು. ಜೊತೆಗೆ ಅವರ ಹಳೆಯ ಉತ್ತರವೂ ಹೋಯಿತು, ನಾಲ್ಕೂ ತಪ್ಪು ಕೆಂಪಿನಲ್ಲಿ ತಿದ್ದಿಸಿಕೊಂಡು. ಪ್ಲಾಸ್ಟರು ಬಿಚ್ಚಿ ಕೆಲವು ದಿನವಾದ ಮೇಲೆ ಫಲಕ ಎದ್ದಿತು. ಅಕ್ಕ ಕೋಲೂರಿಕೊಂಡು ನೋಡಲು ಹೊರಟರು, ಹಿಂದೆ ನಾವಿಬ್ಬರು. ಸೇತುವೆಯ ಬಳಿ ಅವರು ನಮಗಿಂತ ಮುಂದೆ ಹೋಗಿ ಫಲಕದ ಎದುರು ನಿಂತರು. ಪಟ್ಟಿಯ ಕೊನೆಯ ಸಾಲು 'ನೀರುನಾಯಿ'. ಅವರ ಬೆರಳು ಆ ನಾಲ್ಕು ಅಕ್ಷರಗಳ ಮೇಲೆ ಒಂದೊಂದಾಗಿ ಹೋಯಿತು. ಕೈಚೀಲದಲ್ಲಿ ಪೆನ್ನು ಹುಡುಕಲಿಲ್ಲವಾದ್ದರಿಂದ ಕಾಗುಣಿತ ಸರಿಯಿದೆಯೆಂದು ನನಗೆ ದೂರದಿಂದಲೇ ತಿಳಿಯಿತು.

ಕೆಳಗೆ ಚಪ್ಪಟೆ ಕಲ್ಲು ಬಿಸಿಲು ಕಾಯಿಸುತ್ತಿತ್ತು. ಬಾಗಿಲಣ್ಣ ಕಟಕಟೆಗೆ ಒರಗಿ ಅಕ್ಕನನ್ನೇ ನೋಡುತ್ತಿದ್ದರು. ಇಂಥ ಗಳಿಗೆಯಲ್ಲಿ ಬರೆಯುವವರಿಗೆ ಕೊನೆಯ ಸಾಲಿನ ಆಸೆ ಹುಟ್ಟುತ್ತದೆ. ನಾನು ಕೇಳಿದೆ, "ಅವತ್ತು ನೀವು ನೋಡಿದ್ದೂ ಹೀಗೇ ಇತ್ತಾ? ಮೀಸೆ, ಏಡಿ ಎಲ್ಲ?"

ಅವರು ಅಕ್ಕ ದೂರವಿದ್ದಾರೆಯೇ ಎಂದು ಒಮ್ಮೆ ಕಣ್ಣಾಡಿಸಿದರು.

"ನಾನೆಲ್ಲಿ ನೋಡ್ದೆ ಮೇಡಂ," ಎಂದರು. "ತಲೆ ಎತ್ತೋ ಹೊತ್ತಿಗೆ ಖಾಲಿ ಕಲ್ಲು. ಬಗ್ಗಿ ಶೂ ಲೇಸು ಕಟ್ಕೋತಾ ಇದ್ದೆ."